ಸರಕಾರದ ಅಂಕಿ-ಅಂಶ: ತೆರೆದಿಟ್ಟರೆ ಸಾಲದು, ಹೊಣೆಗಾರರೂ ಬೇಕು



ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇಡುವುದು ಹಿರಿಯರ ಕಾಲದಿಂದ ನಡೆದು ಬಂದ ಪದ್ಧತಿ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಬರೆದಿಟ್ಟರೆ ಆಯಿತು. ಹೂಮಳೆ ಯಾವ ತಾರೀಖು ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ವರ್ಷದ ಫಸಲಿನ ಅಂದಾಜು ನಿಂತಿರುತ್ತದೆ. ಅಡಿಕೆ ತೋಟದವರಿಗೂ ಮಳೆಯ ಲೆಕ್ಕ ಬೇಕು. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಗಿದ ಮೇಲೆ ಎಷ್ಟು ದಿನ ಬಿಡದೆ ಸುರಿಯಿತು ಎಂಬುದೇ ಕೊಳೆರೋಗದ ಲೆಕ್ಕ.

ಈಗ ಇದೇ ಮಳೆಗೆ ಇನ್ನೊಂದು ಪುಸ್ತಕವಿದೆ. ಅದನ್ನು ಬರೆಯುವುದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೆಟ್ಟಿರುವ ದೂರಮಾಪನ ಯಂತ್ರ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ನಮ್ಮ ಮನೆಯ ಪುಸ್ತಕದಿಂದಲ್ಲ, ಆ ಯಂತ್ರ ಬರೆದ ಲೆಕ್ಕದಿಂದ. ಈಚಿನ ವರ್ಷಗಳ ಅಧಿಸೂಚನೆಗಳಂತೆ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತ, ಅದರಲ್ಲಿ ಶೇ. 5, ಅಂದರೆ 6,400 ರೂ. ಬೆಳೆಗಾರನ ಕಂತು. ಇಷ್ಟು ಹಣ ಕಟ್ಟಿದವನಿಗೆ ಆ ಲೆಕ್ಕವನ್ನು ನೋಡುವ, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಇರಬೇಡವೇ?

ಸರಕಾರದ ಬಳಿಯ ಅಂಕಿ-ಅಂಶಗಳನ್ನು ಜನರಿಗೆ ತೆರೆದಿಡುವ ಕಾರ್ಯಕ್ಕೆ ‘ಮುಕ್ತ ದತ್ತಾಂಶ’ ಎಂಬ ಹೆಸರಿದೆ. ಹೆಸರು ಪಟ್ಟಣದ ಕಚೇರಿಗಳದಾದರೂ ವಿಷಯ ನಮ್ಮ ತೋಟದ್ದೇ. ಆದುದರಿಂದ ಇದರ ಏರ್ಪಾಡು ಹೇಗಿದೆ, ಎಲ್ಲಿ ಎಡವುತ್ತದೆ, ನಾವು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮುಕ್ತ ದತ್ತಾಂಶ ಎಂದರೇನು?

ಕಚೇರಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿದರೆ ಅದು ಪ್ರಕಟಣೆ ಆಯಿತು, ಮುಕ್ತ ದತ್ತಾಂಶ ಆಗಲಿಲ್ಲ. ಮುಕ್ತ ಎನ್ನಬೇಕಾದರೆ ಅಂಕಿಗಳು ಸಾಲು-ಕಂಬಗಳಲ್ಲಿ, ಕಂಪ್ಯೂಟರಿನಲ್ಲಿ ಕೂಡಿ ಕಳೆಯಲು ಬರುವಂತೆ ಇರಬೇಕು. ಯಾರು ಬೇಕಾದರೂ ಪಡೆದು ಬಳಸಲು ಅನುಮತಿ ಇರಬೇಕು. ಯಾವ ಊರಿನದು, ಯಾವ ತಾರೀಖಿನದು, ಯಾವ ಅಳತೆಯಲ್ಲಿ ಎಂಬ ವಿವರಣೆ ಜೊತೆಗಿರಬೇಕು.

ಈ ವಿವರಣೆ ಬಲು ಮುಖ್ಯ. ನಮ್ಮ ಮಳೆ ಪುಸ್ತಕದಲ್ಲಿ ‘40’ ಎಂದು ಬರೆದಿದ್ದರೆ ಅದು 40 ಸೆಂಟ್ಸ್ ಎಂದು ಮನೆಯವರಿಗೆ ಗೊತ್ತು. ಸರಕಾರದ ಲೆಕ್ಕ ಮಿಲಿಮೀಟರಿನಲ್ಲಿ. 100 ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿ.ಮೀ. ಹಾಗಾಗಿ 40 ಸೆಂಟ್ಸ್ ಮಳೆ ಸುಮಾರು 10 ಮಿ.ಮೀ. ಮಾತ್ರ. ಅಳತೆ ತಿಳಿಯದೆ 40 ಮಿ.ಮೀ. ಎಂದು ಓದಿದವರು ನಾಲ್ಕು ಪಟ್ಟು ತಪ್ಪುತ್ತಾರೆ. ಬೆಲೆಯ ವಿಷಯವೂ ಹೀಗೆಯೇ. ಮಾರುಕಟ್ಟೆಯ ಪಟ್ಟಿಯಲ್ಲಿ ಬರಿದೆ ‘ಅಡಿಕೆ’ ಎಂದಿದ್ದರೆ ಅದು ರಾಶಿಯೋ, ಬೆಟ್ಟೆಯೋ, ಗೊರಬಲೋ, ಚಾಲಿಯೋ? ಜಾತಿ ಬರೆಯದ ಬೆಲೆಯಿಂದ ಬೆಳೆಗಾರನಿಗೆ ಪ್ರಯೋಜನವಿಲ್ಲ.

ನಮ್ಮ ದೇಶದಲ್ಲಿ ಬೆಳೆದು ಬಂದ ಬಗೆ

ಇದಕ್ಕೆ ಬುನಾದಿ 2005ರ ಮಾಹಿತಿ ಹಕ್ಕು ಕಾಯಿದೆ. ಅದರ 4ನೆಯ ಕಲಮು ಪ್ರತಿಯೊಂದು ಸಾರ್ವಜನಿಕ ಕಚೇರಿಯೂ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕೆಂದು ವಿಧಿಸುತ್ತದೆ. ಮುಂದೆ 2012ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಹೊರಡಿಸಿತು. ಅದೇ ವರ್ಷ ಎಲ್ಲ ಇಲಾಖೆಗಳ ಅಂಕಿ-ಅಂಶಗಳಿಗೂ ಒಂದೇ ಬಾಗಿಲಾಗುವ ಜಾಲತಾಣವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಆರಂಭಿಸಿತು. ಈ ಅಂಕಿಗಳನ್ನು ಬಳಸುವ ಪರವಾನಗಿಯ ಷರತ್ತುಗಳು 2017ರಲ್ಲಿ ಪ್ರಕಟವಾದವು. ಕರ್ನಾಟಕವು 2021ರಲ್ಲಿ ತನ್ನದೇ ಮುಕ್ತ ದತ್ತಾಂಶ ನೀತಿಯನ್ನು ಅಂಗೀಕರಿಸಿತು.

ಯಾರು ಬರೆಯಬೇಕು, ಯಾರು ಉತ್ತರಿಸಬೇಕು?

ನಮ್ಮ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಗುಮಾಸ್ತರು ಲೆಕ್ಕ ಬರೆಯುತ್ತಾರೆ, ಕಾರ್ಯದರ್ಶಿ ಸಹಿ ಹಾಕುತ್ತಾರೆ, ಲೆಕ್ಕ ಪರಿಶೋಧಕರು ತಾಳೆ ನೋಡುತ್ತಾರೆ, ಮಹಾಸಭೆಯಲ್ಲಿ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಸಂಘ ಹಾಳು. ದತ್ತಾಂಶದ ಆಡಳಿತವೂ ಇಷ್ಟೇ.

2012ರ ನೀತಿಯನ್ನು ಜಾರಿಗೆ ತರುವ ಮಾರ್ಗಸೂಚಿಯಂತೆ ಪ್ರತಿಯೊಂದು ಇಲಾಖೆಯೂ ಒಬ್ಬ ಹಿರಿಯ ಅಧಿಕಾರಿಯನ್ನು ದತ್ತಾಂಶ ನಿಯಂತ್ರಕರೆಂದು ನೇಮಿಸಬೇಕು. ಅವರ ಕೈಕೆಳಗೆ ಬೇರೆ ಬೇರೆ ವಿಭಾಗಗಳಿಂದ ಅಂಕಿ ಒದಗಿಸುವವರು ಇರುತ್ತಾರೆ. ಒದಗಿಸಿದ ಅಂಕಿಯನ್ನು ನಿಯಂತ್ರಕರು ಪರಿಶೀಲಿಸಿ ಒಪ್ಪಿದ ಮೇಲೆ ಅದು ಜಾಲತಾಣಕ್ಕೆ ಏರಬೇಕು. ಮೊದಲ ಮೂರು ತಿಂಗಳೊಳಗೆ ಜನರಿಗೆ ಹೆಚ್ಚು ಉಪಯೋಗವಾಗುವ ಕನಿಷ್ಠ ಐದು ಪಟ್ಟಿಗಳನ್ನು, ಒಂದು ವರ್ಷದೊಳಗೆ ಉಳಿದವನ್ನು ಪ್ರಕಟಿಸಬೇಕೆಂದೂ ಗಡುವು ಕೊಡಲಾಗಿತ್ತು. ಅಂಕಿಗಳನ್ನು ಮೂರು ತರವಾಗಿ ವಿಂಗಡಿಸಲಾಗಿದೆ: ಎಲ್ಲರಿಗೂ ತೆರೆದವು, ಹೆಸರು ನೋಂದಾಯಿಸಿದವರಿಗೆ ಮಾತ್ರ ಸಿಗುವವು, ಸರಕಾರದ ಅನುಮತಿ ಬೇಕಾದವು.

ಏರ್ಪಾಡು ಕಾಗದದ ಮೇಲೆ ಚೆನ್ನಾಗಿದೆ. ಆದರೆ 2017ರ ಪರವಾನಗಿಯ ಒಂದು ಮಾತನ್ನು ನಾವು ಗಮನಿಸಬೇಕು. ಅದರ ಪ್ರಕಾರ ಅಂಕಿಗಳನ್ನು ಯಾರೂ ಬಳಸಬಹುದು, ಮೂಲವನ್ನು ಹೆಸರಿಸಿದರೆ ಸಾಕು; ಆದರೆ ಅಂಕಿಯಲ್ಲಿ ತಪ್ಪಿದ್ದರೆ ಕೊಟ್ಟವರು ಹೊಣೆಯಲ್ಲ, ಮುಂದೆಯೂ ಅದು ತಪ್ಪದೆ ಸಿಗುತ್ತದೆಂಬ ಭರವಸೆಯೂ ಇಲ್ಲ. ಸಾಮಾನ್ಯ ತಿಳಿವಳಿಕೆಗೆ ಬಳಸುವ ಅಂಕಿಗೆ ಈ ಷರತ್ತು ಇರಲಿ, ತಪ್ಪಿಲ್ಲ. ಯಾವ ಅಂಕಿಯ ಆಧಾರದಿಂದ ಬೆಳೆಗಾರನಿಗೆ ಹಣ ಬರುವುದೋ ನಿಲ್ಲುವುದೋ, ಅಂಥ ಅಂಕಿಗೆ ಮಾತ್ರ ಇಷ್ಟು ಸಾಲದು. ಅದಕ್ಕೆ ಹೊಣೆ ಹೊರುವವರು ಇರಲೇಬೇಕು.

ಎಡವುವುದು ಎಲ್ಲಿ?

ಮಳೆಯ ಉದಾಹರಣೆಗೆ ಮರಳೋಣ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಸ್ಥಾಪಿಸಿದ ಮಳೆಮಾಪಕಗಳು ಸುಮಾರು 6,500. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುವ ಇಷ್ಟು ದಟ್ಟವಾದ ಜಾಲ ಅಪರೂಪದ್ದು. ಇದು ನಮ್ಮ ರಾಜ್ಯಕ್ಕೆ ಹೆಮ್ಮೆಯ ವಿಷಯವೇ. ಮಳೆಯ ವರದಿಗಳೂ ನಕ್ಷೆಗಳೂ ಕೇಂದ್ರದ ಜಾಲತಾಣದಲ್ಲಿ ಪ್ರಕಟವಾಗುತ್ತವೆ.

ಇಂಥ ಮಾಪಕಗಳೊಳಗೆ ಸಾಮಾನ್ಯವಾಗಿ ಏತದಂತೆ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಬಾರಿ ವಾಲಿದ್ದನ್ನು ಯಂತ್ರ ಎಣಿಸುತ್ತದೆ. ಮೇಲಿನ ಆಲಿಕೆಯಲ್ಲಿ ತರಗೆಲೆ ಕೂತರೆ, ಕಣಜ ಗೂಡು ಕಟ್ಟಿದರೆ, ಪಕ್ಕದ ಮರದ ಕೊಂಬೆ ಮೇಲೆ ಚಾಚಿದರೆ ನೀರು ಒಳಗಿಳಿಯದು, ಬಟ್ಟಲು ವಾಲದು. ಹೊರಗೆ ಮಳೆ ಧೋ ಎಂದು ಸುರಿಯುತ್ತಿದ್ದರೂ ಯಂತ್ರ ‘ಸೊನ್ನೆ’ ಎಂದು ಬರೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಮಳೆ ಬರಲಿಲ್ಲ’ ಎಂಬುದು ಬೇರೆ, ‘ಅಳೆಯಲಾಗಲಿಲ್ಲ’ ಎಂಬುದು ಬೇರೆ. ಮೊದಲನೆಯದು ಸೊನ್ನೆ, ಎರಡನೆಯದು ಖಾಲಿ. ಖಾಲಿ ಬಿಡಬೇಕಾದ ಕಡೆ ಸೊನ್ನೆ ಕೂತರೆ ತೋಟ ಕೊಳೆರೋಗದಿಂದ ಉದುರಿದ್ದರೂ ಲೆಕ್ಕದಲ್ಲಿ ಅತಿವೃಷ್ಟಿ ಕಾಣುವುದಿಲ್ಲ. ಅಂಕಿ ತೆರೆದಿದೆ, ಎಲ್ಲರೂ ನೋಡಬಹುದು. ಆದರೆ ಅದು ನಿಜವಲ್ಲ. ಒಳ್ಳೆಯ ದತ್ತಾಂಶ ಆಡಳಿತವೆಂದರೆ ಸಂಶಯದ ಅಂಕಿಯ ಮುಂದೆ ಗುರುತು ಹಾಕುವುದು, ನೆರೆಯ ಮಾಪಕಗಳೊಡನೆ ತಾಳೆ ನೋಡುವುದು, ಯಂತ್ರ ಕೆಟ್ಟ ದಿನ ಮತ್ತು ದುರಸ್ತಿಯಾದ ದಿನ ಎರಡನ್ನೂ ಪ್ರಕಟಿಸುವುದು.

ಎರಡನೆಯ ದೋಷ ವಿಳಂಬ. ಕಾಫಿ ಮಂಡಳಿಯು ಹೂ ಅರಳಿದ ನಂತರ ಒಮ್ಮೆ, ಮುಂಗಾರು ಮುಗಿದ ನಂತರ ಒಮ್ಮೆ ಫಸಲಿನ ಅಂದಾಜು ತಯಾರಿಸುವ ಪದ್ಧತಿ ಇದೆ. ದೊಡ್ಡ ವ್ಯಾಪಾರಸ್ಥರು ತಮ್ಮದೇ ಜನರನ್ನು ತೋಟಗಳಿಗೆ ಕಳುಹಿಸಿ ಅಂದಾಜು ಮಾಡಿಕೊಳ್ಳಬಲ್ಲರು. ಎರಡು ಎಕರೆಯ ಬೆಳೆಗಾರನಿಗೆ ಸರಕಾರದ ಅಂದಾಜು ಬಿಟ್ಟರೆ ಬೇರೆ ಗತಿಯಿಲ್ಲ. ಪೂಲ್ ಪದ್ಧತಿ ಇದ್ದಾಗ ಮಾರಾಟದ ಚಿಂತೆ ಮಂಡಳಿಯದಾಗಿತ್ತು. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಯಾವಾಗ ಮಾರಬೇಕೆಂಬ ತೀರ್ಮಾನ ನಮ್ಮದೇ ಆಯಿತು. ಕೊಯ್ಲು ಮಾರಿ ಮುಗಿದ ಮೇಲೆ ಬಂದ ಅಂಕಿ ಚರಿತ್ರೆಗೆ ಮಾತ್ರ ಉಪಯೋಗ.

ಮೂರನೆಯದು, ತಿದ್ದುಪಡಿಗೆ ದಾರಿಯಿಲ್ಲದಿರುವುದು. ಈ ವಿಷಯದಲ್ಲಿ ನಮ್ಮ ರಾಜ್ಯದ ಬೆಳೆ ಸಮೀಕ್ಷೆ ಒಳ್ಳೆಯ ಮಾದರಿ ಹಾಕಿದೆ. ತನ್ನ ಸರ್ವೆ ನಂಬರಿನಲ್ಲಿ ಯಾವ ಬೆಳೆ ದಾಖಲಾಗಿದೆ ಎಂಬುದನ್ನು ರೈತ ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಮಳೆಯ ಲೆಕ್ಕಕ್ಕೂ ಇಂಥದೊಂದು ಕಿಟಕಿ ಬೇಕೆಂಬುದು ನಮ್ಮೆಲ್ಲರ ಒತ್ತಾಯವಾಗಬೇಕು.

ಮುಚ್ಚಿಡಬೇಕಾದುದೂ ಉಂಟು

ಎಲ್ಲವನ್ನೂ ತೆರೆದಿಡಬೇಕೆಂದು ಯಾರೂ ಹೇಳಲಾರರು. ಒಬ್ಬ ಬೆಳೆಗಾರನ ಸಾಲ ಎಷ್ಟು, ಬ್ಯಾಂಕ್ ಖಾತೆ ಯಾವುದು, ದೂರವಾಣಿ ಸಂಖ್ಯೆ ಏನು ಎಂಬುದು ಅವನ ಮನೆಯ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇಂಥ ವಿವರಗಳ ರಕ್ಷಣೆಗಾಗಿಯೇ ಬಂದಿದೆ. ಮಾಹಿತಿ ಹಕ್ಕು ಕಾಯಿದೆಯ ಸಂಬಂಧಪಟ್ಟ ಕಲಮನ್ನೂ ಅದು ಬಿಗಿಗೊಳಿಸಿದೆ. ಆದರೆ ಮಳೆಗೆ ಗುಟ್ಟಿಲ್ಲ. ಪಂಚಾಯಿತಿಯ ಮಳೆ, ಮಾರುಕಟ್ಟೆಯ ದರ, ತಾಲ್ಲೂಕಿನ ಒಟ್ಟು ಪರಿಹಾರ, ಇವು ಯಾರೊಬ್ಬರ ವೈಯಕ್ತಿಕ ಮಾಹಿತಿಯೂ ಅಲ್ಲ. ಇವನ್ನು ಕೊಡಲು ವೈಯಕ್ತಿಕತೆಯ ನೆಪ ಒಡ್ಡುವುದು ಸರಿಯಲ್ಲ.

ನಾವು ಮಾಡಬೇಕಾದುದು

1. ಮನೆಯ ಮಳೆ ಪುಸ್ತಕವನ್ನು ಬಿಡಬೇಡಿ. ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಇಂಚು-ಸೆಂಟ್ಸ್ ಪಕ್ಕದಲ್ಲಿ ಮಿಲಿಮೀಟರನ್ನೂ ಬರೆಯಿರಿ. ವಿಮೆಗೆ ಅದು ಆಧಾರವಾಗದಿದ್ದರೂ ಯಂತ್ರ ತಪ್ಪಿದೆಯೆಂದು ಮೊದಲು ಗೊತ್ತಾಗುವುದು ಅದರಿಂದಲೇ.

2. ವಿಮೆ ಕಟ್ಟುವಾಗಲೇ ಆ ವರ್ಷದ ಅಧಿಸೂಚನೆ ಮತ್ತು ಷರತ್ತುಪಟ್ಟಿಯ ಪ್ರತಿ ಪಡೆಯಿರಿ. ನಿಮ್ಮ ಪಂಚಾಯಿತಿಗೆ ಗೊತ್ತುಪಡಿಸಿದ ಮಾಪಕ ಯಾವುದು, ಅದು ಕೆಟ್ಟರೆ ಬದಲಿ ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

3. ಮುಂಗಾರಿಗೆ ಮುಂಚೆ ಮಾಪಕ ಇರುವ ಸ್ಥಳವನ್ನು ಒಮ್ಮೆ ನೋಡಿ ಬನ್ನಿ. ಯಂತ್ರವನ್ನು ಮುಟ್ಟಬೇಡಿ. ಕೊಂಬೆ ಚಾಚಿದ್ದರೆ, ಬೇಲಿ ಬಿದ್ದಿದ್ದರೆ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ.

4. ಅಂಕಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿ. ಶುಲ್ಕ 10 ರೂ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ‘ಇಂಥ ಮಾಪಕದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನವಾರು ಮಳೆ ಮತ್ತು ಯಂತ್ರ ಕೆಟ್ಟಿದ್ದ ದಿನಗಳ ದೃಢೀಕೃತ ಪ್ರತಿ ಕೊಡಿ’ ಎಂದು ಬರೆದರೆ ಸಾಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

5. ಒಬ್ಬೊಬ್ಬರೇ ಕೇಳುವುದಕ್ಕಿಂತ ಸಂಘದ ಮೂಲಕ ಕೇಳುವುದು ಮೇಲು. ಒಂದು ಪಂಚಾಯಿತಿಯ ಹತ್ತು ಮನೆಗಳ ಮಳೆ ಪುಸ್ತಕವನ್ನು ಪಕ್ಕಪಕ್ಕ ಇಟ್ಟು, ಯಂತ್ರದ ಲೆಕ್ಕವನ್ನು ಅವುಗಳೊಡನೆ ಹೋಲಿಸಿ ತೋರಿಸಿದರೆ ಅಧಿಕಾರಿಗಳೂ ಸುಮ್ಮನೆ ತಳ್ಳಿಹಾಕಲಾರರು.

ತೋಟಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ಫಸಲು ಉಳಿಯದು, ನೋಡುವ ಕಣ್ಣು ಬೇಕು. ಸರಕಾರದ ಲೆಕ್ಕದ ಪುಸ್ತಕವೂ ಹಾಗೆಯೇ. ಅದನ್ನು ತೆರೆದಿಡುವುದು ಸರಕಾರದ ಕೆಲಸ. ಓದಿ, ತಾಳೆ ನೋಡಿ, ತಪ್ಪಿದ್ದ ಕಡೆ ಬೆರಳಿಟ್ಟು ತೋರಿಸುವುದು ನಮ್ಮ ಕೆಲಸ. ಬರುವ ಮುಂಗಾರಿನಿಂದಲೇ ಸದಸ್ಯರು ತಮ್ಮ ತಮ್ಮ ಮಳೆ ಪುಸ್ತಕದ ತಿಂಗಳ ಮೊತ್ತವನ್ನು ಸಂಘದ ಕಚೇರಿಗೆ ತಲುಪಿಸುವ ಪರಿಪಾಠ ಇಟ್ಟುಕೊಂಡರೆ, ಮುಂದಿನ ಮಹಾಸಭೆಯಲ್ಲಿ ಬರಿಯ ದೂರಿನ ಬದಲು ಲೆಕ್ಕವನ್ನೇ ಮುಂದಿಟ್ಟು ಮಾತನಾಡಬಹುದು.