ಅಂಗಳಕ್ಕೊಂದು ಗಿಡ್ಡ ತೂಜಾ

ವಿದ್ಯಾರ್ಥಿಗಳೇ, ದೇವದಾರು, ಪೈನ್, ತೂಜಾ ಮೊದಲಾದವು ಶಂಕುಧಾರಿ ಸಸ್ಯಗಳು. ಇವುಗಳ ಬೀಜ ಹಣ್ಣಿನೊಳಗೆ ಇರುವುದಿಲ್ಲ. ಶಂಕುವಿನ ಪದರಗಳ ನಡುವೆ ಇರುತ್ತದೆ.

ಕೆಲವೊಮ್ಮೆ ದೊಡ್ಡ ಮರದ ಮೊಗ್ಗಿನಲ್ಲೋ ಸಸಿಯಲ್ಲೋ ಆನುವಂಶಿಕ ಬದಲಾವಣೆಯಾಗಿ ಬೆಳವಣಿಗೆ ನಿಧಾನವಾಗುತ್ತದೆ. ಗಿಡ್ಡ ತಳಿಗಳು ಹುಟ್ಟುವುದು ಹೀಗೆ. 1904ರಲ್ಲಿ ಕೆನಡಾದಲ್ಲಿ ದೊರೆತ ಗಿಡ್ಡ ಸ್ಪ್ರೂಸ್ ಇಂಥದ್ದು. ಬೀಜದಿಂದ ಬಂದ ಸಸಿ ಗಿಡ್ಡವಾಗಿಯೇ ಉಳಿಯುವ ಭರವಸೆಯಿಲ್ಲ. ಆದ್ದರಿಂದ ರೆಂಬೆಯ ತುಂಡಿನಿಂದಲೋ ಕಸಿಯಿಂದಲೋ ಬೆಳೆಸಿದ ಗಿಡವನ್ನೇ ಕೊಳ್ಳಿರಿ.

ಚಳಿನಾಡಿನ ಸ್ಪ್ರೂಸ್ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಬಿಸಿಲಿಗೆ ಒಗ್ಗದು. ಚೀನಾ ಮೂಲದ ತೂಜಾ ಒಗ್ಗುತ್ತದೆ. ಅದರ ಗಿಡ್ಡ ತಳಿಯನ್ನು ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡಿ. ನಾಲೆ ನೀರಿನ ಗದ್ದೆಯ ಮಗ್ಗುಲು ಬೇಡ. ಗಾಳಿಯಾಡದ ಕೆಸರಿನಲ್ಲಿ ಬೇರು ಕೊಳೆಯುತ್ತದೆ. ಕುಂಡವಾದರೆ ತಳದಲ್ಲಿ ತೂತಿರಲಿ. ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ.

ಕತ್ತರಿ ಹಿಡಿಯುವಾಗ ಎಚ್ಚರ! ದಾಸವಾಳವನ್ನು ಬುಡದ ಕಡೆಗೆ ಕತ್ತರಿಸಿದರೂ ಚಿಗುರುತ್ತದೆ. ತೂಜಾ ಹಾಗಲ್ಲ. ಎಲೆ ಉದುರಿದ ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಬರುವುದು ಅಪರೂಪ. ಗಿಡ ಬೋಳಾಗಿಯೇ ಉಳಿಯುತ್ತದೆ. ಹಸಿರು ತುದಿಗಳನ್ನಷ್ಟೇ ಸವರಿರಿ. ಗಿಡ್ಡ ತಳಿಯೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ನೆಡುವ ದಿನವೇ ಗೋಡೆಯಿಂದ ಸಾಕಷ್ಟು ದೂರ ಬಿಡಿ. ಆಗ ಕತ್ತರಿಯ ಕೆಲಸವೇ ಕಡಿಮೆಯಾಗುತ್ತದೆ.