ಬಾಚಣಿಗೆಗೆ ಬಗ್ಗದ ಕೂದಲಿನ ಚರಿತ್ರೆ

ಗುಂಗುರು ಕೂದಲನ್ನು ಕಾಯಿಸಿ, ಎಳೆದು, ರಾಸಾಯನಿಕ ಹಚ್ಚಿ ನೇರಗೊಳಿಸುವುದನ್ನು ಬಿಟ್ಟು, ಅದರ ಸುರುಳಿ ಕೆಡದಂತೆ ತೊಳೆದು ಒಣಗಿಸುವ ಆರೈಕೆಯ ಕ್ರಮವೊಂದು ಈಚಿನ ವರ್ಷಗಳಲ್ಲಿ ಕರ್ನಾಟಕದ ನಗರಗಳಲ್ಲಿಯೂ ಬೇರೂರುತ್ತಿದೆ. ಸಲ್ಫೇಟ್ ಇಲ್ಲದ ಶಾಂಪೂ, ತೊಳೆಯದೆ ಕೂದಲಲ್ಲೇ ಉಳಿಸುವ ಕಂಡಿಷನರ್, ಅಗಸೆ ಬೀಜ ಕುದಿಸಿ ಸೋಸಿದ ಜೆಲ್ ಮುಂತಾದವನ್ನು ಸೌಂದರ್ಯೋದ್ಯಮ ತಂದಿಟ್ಟ ಹೊಸ ಸರಕುಗಳೆಂದು ಮಾತ್ರ ಭಾವಿಸುವವರೇ ಹೆಚ್ಚು. ಆದರೆ ಈ ಕ್ರಮದ ಬಹುಪಾಲು ತಿಳಿವಳಿಕೆ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ; ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕದ ಜನರ ಸಂತತಿಯ ಹೆಣ್ಣುಮಕ್ಕಳು, ತಮ್ಮ ಕೂದಲು ಹುಟ್ಟಿದಂತೆಯೇ ಇರಬಹುದೆಂಬ ಮಾತನ್ನು ಸಮಾಜವೂ ನ್ಯಾಯಾಲಯವೂ ಒಪ್ಪದಿದ್ದ ಕಾಲದಿಂದ ಕಷ್ಟಪಟ್ಟು ಉಳಿಸಿ ಬೆಳೆಸಿಕೊಂಡ ತಿಳಿವಳಿಕೆ ಅದು.

ಕೂದಲು ಸುರುಳಿಯಾಗುವುದು ಅದು ಹುಟ್ಟುವ ಕುಳಿಯಲ್ಲಿ, ಅಂದರೆ ನೆತ್ತಿಯ ಚರ್ಮದೊಳಗಿನ ರೋಮಕೂಪದಲ್ಲಿ. ನೇರ ಕೂದಲಿನ ರೋಮಕೂಪ ನೆಟ್ಟಗೆ ಇಳಿದಿದ್ದರೆ, ಗುಂಗುರು ಕೂದಲಿನ ರೋಮಕೂಪ ಬುಡದಲ್ಲಿ ಬಾಗಿರುತ್ತದೆ. ಅದರ ಒಂದು ಬದಿಯ ಜೀವಕೋಶಗಳು ಇನ್ನೊಂದು ಬದಿಯವುಗಳಿಗಿಂತ ಭಿನ್ನವಾಗಿ ಬೆಳೆಯುವುದರಿಂದ ಎಳೆ ಹೊರಬರುವಾಗಲೇ ತಿರುಚಿಕೊಂಡಿರುತ್ತದೆ, ಅದನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿರದೆ ಚಪ್ಪಟೆಯಾಗಿ ಕಾಣುತ್ತದೆ. ಎಳೆಯ ಆಕಾರವನ್ನು ಹಿಡಿದಿಡುವುದು ಕೆರಾಟಿನ್ ಎಂಬ ಪ್ರೋಟೀನಿನ ಸರಪಳಿಗಳ ನಡುವಿನ, ಮುಖ್ಯವಾಗಿ ಎರಡು ಬಗೆಯ ಬಂಧಗಳು: ನೀರು ತಾಗಿದರೆ ಬಿಚ್ಚಿಕೊಂಡು ಒಣಗಿದಾಗ ಮತ್ತೆ ಕೂಡಿಕೊಳ್ಳುವ ದುರ್ಬಲವಾದ ಜಲಜನಕದ ಬಂಧಗಳು, ತೀಕ್ಷ್ಣ ರಾಸಾಯನಿಕವಿಲ್ಲದೆ ಕಡಿಯದ ಗಂಧಕದ ಬಂಧಗಳು. ನೆತ್ತಿಯ ಗ್ರಂಥಿಗಳು ಸ್ರವಿಸುವ ಎಣ್ಣೆ ನೇರ ಕೂದಲಿನ ಮೇಲೆ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯ ಮೇಲೆ ತಿರುವು ತಿರುವಿಗೂ ತಡೆಯಾಗಿ ತುದಿ ಒಣಗಿಯೇ ಉಳಿಯುತ್ತದೆ, ಪ್ರತಿ ತಿರುವೂ ಎಳೆ ತುಂಡಾಗಬಹುದಾದ ಜಾಗವಾಗುತ್ತದೆ. ಗುಂಗುರು ಕೂದಲು ಒರಟು, ಹಟಮಾರಿ ಎಂಬ ದೂರಿನ ಹಿಂದಿರುವುದು ಇಷ್ಟೇ. ನೇರ ಕೂದಲಿಗೆಂದು ಮಾಡಿದ ಸಾಬೂನನ್ನೂ ಒತ್ತು ಹಲ್ಲಿನ ಬಾಚಣಿಗೆಯನ್ನೂ ಅದರ ಮೇಲೆ ಹೇರಿದರೆ ಅದು ತುಂಡಾಗದೆ ಇನ್ನೇನಾದೀತು?

ಈ ಸುರುಳಿ ಮನುಷ್ಯಕುಲದ ವಿಕಾಸದಲ್ಲಿ ಪ್ರಯೋಜನಕ್ಕೆ ಬಂದಿರಬೇಕೆಂಬುದನ್ನು ಮಾನವಶಾಸ್ತ್ರಜ್ಞೆ ಟೀನಾ ಲಸಿಸಿ ಮತ್ತು ಅವರ ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸೂಚಿಸಿತು. ದೇಹದ ಶಾಖವನ್ನು ಅನುಕರಿಸುವ ಬೊಂಬೆಯೊಂದಕ್ಕೆ ಮನುಷ್ಯರ ಕೂದಲಿನಿಂದಲೇ ಮಾಡಿದ ನೇರ, ಅಲೆಯಲೆ ಮತ್ತು ಬಿಗಿ ಗುಂಗುರಿನ ಟೋಪನ್‌ಗಳನ್ನು ತೊಡಿಸಿ, ಸೂರ್ಯನ ಬಿಸಿಲನ್ನು ಹೋಲುವ ದೀಪಗಳ ಕೆಳಗಿಟ್ಟು ಅಳೆದಾಗ, ಮೂರೂ ನೆತ್ತಿಗೆ ತಾಗುವ ಬಿಸಿಯನ್ನು ತಗ್ಗಿಸಿದವಾದರೂ ಬಿಗಿ ಗುಂಗುರಿನದೇ ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆಯಾಗಿತ್ತು. ನೆತ್ತಿಯನ್ನು ತಂಪಾಗಿಡಲು ಬೆವರು ಬಹಳ ಕಡಿಮೆ ಸಾಕಾಗುತ್ತಿತ್ತು. ಆಫ್ರಿಕದ ನಡುಹಗಲಿನ ಬಿಸಿಲಲ್ಲಿ ದೊಡ್ಡ ಮೆದುಳನ್ನು ಹೊತ್ತು ನಡೆದ ಪೂರ್ವಜರಿಗೆ ಇದು ಸಣ್ಣ ಲಾಭವಲ್ಲ.

ಇಂಥ ಕೂದಲಿಗೆ ತಕ್ಕ ಸಾಧನಗಳೂ ಬಹಳ ಹಳೆಯವು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯ 2013ರಲ್ಲಿ ಆಫ್ರಿಕದ ಬಾಚಣಿಗೆಯ ಸುಮಾರು ಆರು ಸಾವಿರ ವರ್ಷಗಳ ಚರಿತ್ರೆಯನ್ನೇ ಪ್ರದರ್ಶನವಾಗಿ ಮುಂದಿಟ್ಟಿತು. ಉದ್ದನೆಯ, ದೂರದೂರದ ಹಲ್ಲುಗಳ ಆ ಬಾಚಣಿಗೆಗಳು ಬಿಗಿ ಸುರುಳಿಯನ್ನು ಎಳೆಯದೆ ಬಿಡಿಸಲು ರೂಪಿಸಿದವು. ಗುಲಾಮರ ಹಡಗು ಹತ್ತಿದವರಿಂದ ಈ ಬಾಚಣಿಗೆಗಳೂ ನಾಡಿನ ಎಣ್ಣೆಗಳೂ ಕೂತು ಹೆಣೆದುಕೊಳ್ಳುವ ಬಿಡುವೂ ಒಟ್ಟಿಗೇ ಕಿತ್ತುಹೋದವು. ತೋಟಗಳಲ್ಲಿ ಹೊತ್ತು ಮುಳುಗುವವರೆಗೆ ದುಡಿಯುತ್ತಿದ್ದ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಳ್ಳುವುದೇ ರೂಢಿಯಾಯಿತು. ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನದಲ್ಲಿ ಗವರ್ನರ್ ಎಸ್ತೆಬಾನ್ ಮಿರೊ 1786ರಲ್ಲಿ ಹೊರಡಿಸಿದ ಆಜ್ಞೆ ಈ ಬಟ್ಟೆಯನ್ನು ಕಾನೂನಾಗಿಸಿತು: ಗುಲಾಮರಲ್ಲದ, ಸ್ವತಂತ್ರರಾಗಿದ್ದ ಕಪ್ಪು ಮತ್ತು ಮಿಶ್ರವರ್ಣದ ಹೆಂಗಸರು ಗರಿ, ಆಭರಣಗಳಿಂದ ಕೂದಲನ್ನು ಅಲಂಕರಿಸಿಕೊಳ್ಳದೆ, ಟಿನ್ಯಾನ್ ಎಂಬ ತಲೆವಸ್ತ್ರದಲ್ಲಿ ಅದನ್ನು ಮುಚ್ಚಿಕೊಳ್ಳಬೇಕಾಯಿತು. ಆ ಹೆಂಗಸರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಬಣ್ಣಬಣ್ಣದ ಬೆಲೆಬಾಳುವ ಬಟ್ಟೆಗಳನ್ನು ಆರಿಸಿ, ಎತ್ತರಕ್ಕೆ ಸುತ್ತಿ, ಅವಮಾನಕ್ಕೆಂದು ವಿಧಿಸಿದ್ದನ್ನೇ ಅಲಂಕಾರವನ್ನಾಗಿ ಮಾಡಿಕೊಂಡರು.

1865ರಲ್ಲಿ ಗುಲಾಮಗಿರಿ ರದ್ದಾದ ಬಳಿಕ ಕೆಲಸ, ಶಾಲೆ, ನಗರಗಳ ಬಾಗಿಲು ತೆರೆಯುವುದಕ್ಕೆ ಬಿಳಿಯರಂತೆ ಕಾಣುವ ತಲೆ ನೆರವಾಗುತ್ತದೆಂಬುದು ಎಲ್ಲರ ಅನುಭವಕ್ಕೂ ಬಂದಿತ್ತು. ಈ ಅಗತ್ಯದಿಂದ ಬೆಳೆದ ಉದ್ಯಮವನ್ನು ಕಟ್ಟಿದವರು ಕಪ್ಪು ಮಹಿಳೆಯರೇ. ಆ್ಯನಿ ಮಲೋನ್ ಸೇಂಟ್ ಲೂಯಿಸ್‌ನಲ್ಲಿ ಪೋರೊ ಎಂಬ ಹೆಸರಿನ ಸಂಸ್ಥೆಯನ್ನು ಬೆಳೆಸಿದರು. ಅವರ ಸರಕು ಮಾರುತ್ತಿದ್ದ ಸಾರಾ ಬ್ರೀಡ್‌ಲವ್ ಮುಂದೆ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಸ್ವಂತ ಉದ್ಯಮ ಹೂಡಿ 1910ರಲ್ಲಿ ಅದನ್ನು ಇಂಡಿಯಾನಪೊಲಿಸ್‌ಗೆ ತಂದರು. 1867ರಲ್ಲಿ ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದ ವಾಕರ್, ತಾವು ಕೂದಲು ನೇರ ಮಾಡುವವರಲ್ಲ, ನೆತ್ತಿಯ ರೋಗ ವಾಸಿಮಾಡಿ ಕೂದಲು ಬೆಳೆಸುವವರು ಎಂದೇ ಹೇಳಿಕೊಳ್ಳುತ್ತಿದ್ದರು. ಅವರ ಲೇಪದಲ್ಲಿದ್ದ ಗಂಧಕ ನೆತ್ತಿಯ ಹುರುಕಿಗೆ ನಿಜವಾಗಿಯೂ ಮದ್ದಾಗಿದ್ದುದರಿಂದ ಆ ಮಾತು ಪೂರ್ತಿ ಸುಳ್ಳಲ್ಲ. ಆದರೂ ಅವರ ಪದ್ಧತಿಯಲ್ಲಿ ಕಾದ ಬಾಚಣಿಗೆಗೆ ಜಾಗವಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಾದ ಬಾಚಣಿಗೆಯೆಂದರೆ ಮರದ ಹಿಡಿಯ, ಕಬ್ಬಿಣದ ಇಲ್ಲವೆ ಹಿತ್ತಾಳೆಯ ಹಣಿಗೆ. ಅದನ್ನು ಒಲೆಯ ಮೇಲಿಟ್ಟು ಕಾಯಿಸಿ, ಕಾಗದಕ್ಕೋ ಬಟ್ಟೆಗೋ ಒತ್ತಿ ಸುಡುತ್ತದೆಯೇ ಎಂದು ನೋಡಿ, ತೊಳೆದು ಒಣಗಿಸಿ ಎಣ್ಣೆ ಸವರಿದ ಕೂದಲನ್ನು ಸಣ್ಣಸಣ್ಣ ಪಾಲು ಮಾಡಿ ಬುಡದಿಂದ ತುದಿಗೆ ಎಳೆಯುತ್ತಿದ್ದರು. ಅಡುಗೆಮನೆಯಲ್ಲಿ ಎಣ್ಣೆ ಸುಟ್ಟ ಹೊಗೆ ತುಂಬುತ್ತಿತ್ತು; ಕಿವಿಯನ್ನು ಮಡಚಿ ಹಿಡಿದು ಅಲುಗದೆ ಕೂರದಿದ್ದರೆ ಕಿವಿಯ ಅಂಚೋ ಕತ್ತಿನ ಹಿಂಭಾಗವೋ ಸುಡುತ್ತಿತ್ತು. ಇಷ್ಟೆಲ್ಲ ಮಾಡಿದರೂ ಶಾಖಕ್ಕೆ ಬಿಚ್ಚುತ್ತಿದ್ದುದು ಜಲಜನಕದ ಬಂಧಗಳು ಮಾತ್ರವಾದ್ದರಿಂದ ಒಂದು ಮಳೆ ಬಿದ್ದರೆ, ಬೆವರಿಳಿದರೆ ಸುರುಳಿ ಬುಡದಿಂದಲೇ ಮರಳುತ್ತಿತ್ತು.

ಮಳೆಗೂ ಮರಳದಂತೆ ನೇರಗೊಳಿಸಬೇಕಾದರೆ ಗಂಧಕದ ಬಂಧಗಳನ್ನೇ ಕಡಿಯಬೇಕು. ರಿಲ್ಯಾಕ್ಸರ್ ಎಂದು ಹೆಸರಾದ ಲೇಪಗಳು ಕಾಸ್ಟಿಕ್ ಸೋಡಾದಿಂದ, ಅಂದರೆ ಚರಂಡಿ ಸ್ವಚ್ಛಗೊಳಿಸಲು ಬಳಸುವ ಅದೇ ಕ್ಷಾರದಿಂದ, ಆ ಕೆಲಸ ಮಾಡಿದವು. ಷಿಕಾಗೊದಲ್ಲಿ 1954ರಲ್ಲಿ ಜಾರ್ಜ್ ಜಾನ್ಸನ್ ಆರಂಭಿಸಿದ ಕಂಪನಿ ಈ ಲೇಪಗಳನ್ನು ಮನೆಮಾತಾಗಿಸಿ, 1971ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಷೇರುಪೇಟೆಯಲ್ಲಿ ಸ್ಥಾನ ಪಡೆದ ಮೊದಲ ಕಪ್ಪುಜನರ ಕಂಪನಿಯಾಯಿತು. ನೆತ್ತಿಗೆ ಮೊದಲು ವ್ಯಾಸಲೀನಿನಂಥ ಜಿಡ್ಡು ಬಳಿದುಕೊಂಡು ಲೇಪ ಹಚ್ಚಿಸಿಕೊಳ್ಳುತ್ತಿದ್ದರೂ ಉರಿ, ಹುಣ್ಣು ತಪ್ಪುತ್ತಿರಲಿಲ್ಲ. ಬುಡದಲ್ಲಿ ಹೊಸದಾಗಿ ಬೆಳೆದ ಗುಂಗುರಿಗೆ ಆರೆಂಟು ವಾರಕ್ಕೊಮ್ಮೆ ಮತ್ತೆ ಹಚ್ಚಲೇಬೇಕಾಗಿತ್ತು. ಏಳೆಂಟು ವರ್ಷದ ಹುಡುಗಿಯರಿಗೂ ಇದನ್ನು ಹಚ್ಚುತ್ತಿದ್ದರೆಂದರೆ, ತಮ್ಮ ಕೂದಲಿನ ನಿಜವಾದ ರೂಪವನ್ನೇ ಕಾಣದೆ ದೊಡ್ಡವರಾದ ಹೆಂಗಸರ ತಲೆಮಾರುಗಳು ಹೇಗೆ ಉಂಟಾದವೆಂಬುದು ತಿಳಿಯುತ್ತದೆ.

ಇದಕ್ಕೆ ಬಹಿರಂಗವಾದ ಪ್ರತಿರೋಧ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಛಾಯಾಗ್ರಾಹಕ ಕ್ವಾಮೆ ಬ್ರಾತ್‌ವೇಟ್ ಮತ್ತು ಅವರ ಸಂಗಡಿಗರು 1962ರ ಜನವರಿಯಲ್ಲಿ ಏರ್ಪಡಿಸಿದ ‘ನ್ಯಾಚುರಲಿ 62’ ಪ್ರದರ್ಶನದಲ್ಲಿ ಗ್ರಾಂಡಾಸಾ ಮಾಡೆಲ್‌ಗಳೆಂದು ಹೆಸರಾದ ಕಪ್ಪು ಬಣ್ಣದ ಯುವತಿಯರು ನೇರಗೊಳಿಸದ ಕೂದಲಿನಲ್ಲೇ ವೇದಿಕೆಗೆ ಬಂದರು. ದಶಕ ಮುಗಿಯುವ ಹೊತ್ತಿಗೆ ತಲೆಯ ಸುತ್ತ ಗುಂಡಗೆ ಹರಡಿದ ಆಫ್ರೊ ಕೇಶಶೈಲಿ ನಾಗರಿಕ ಹಕ್ಕುಗಳ ಹೋರಾಟದ ಗುರುತಾಯಿತು. 1970ರಲ್ಲಿ ಎಫ್‌ಬಿಐ ಪತ್ತೆಗಾಗಿ ಹೊರಡಿಸಿದ ಭಿತ್ತಿಪತ್ರದ ಮೇಲಿನ ಕಪ್ಪು ಹೋರಾಟಗಾರ್ತಿ ಆ್ಯಂಜೆಲಾ ಡೇವಿಸ್‌ ಅವರ ಚಿತ್ರ ಅದನ್ನು ದೇಶದ ಮೂಲೆಮೂಲೆಗೆ ಒಯ್ದಿತು. ಆದರೆ ಗುರುತಾಗಿ ಮೆರೆದ ಕೂದಲು ಫ್ಯಾಷನ್ನಾಗಿ ಮಾಸಿತು. ಅದನ್ನು ದಿನನಿತ್ಯ ತೊಳೆದು ನೋಡಿಕೊಳ್ಳುವ ತಿಳಿವಳಿಕೆ ಇನ್ನೂ ಅಜ್ಜಿಯರ ಕೈಯಲ್ಲಿ ಚೂರುಚೂರಾಗಿ ಉಳಿದಿತ್ತೇ ಹೊರತು ಎಲ್ಲರಿಗೂ ಸಿಗುವಂತಿರಲಿಲ್ಲ.

ಕೆಲಸದ ಜಾಗಗಳಂತೂ ಬದಲಾಗಲಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನ ಮಹಿಳಾ ನೌಕರರೊಬ್ಬರು ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಜಡೆಗಳನ್ನು ನಿಷೇಧಿಸಿದ ನಿಯಮದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1981ರಲ್ಲಿ ಕಂಪನಿಯ ಪರವಾಗಿ ತೀರ್ಪು ನೀಡಿತು. ಆಫ್ರೊ ಹುಟ್ಟಿನಿಂದ ಬಂದದ್ದಾಗಿರಬಹುದು, ಜಡೆಯಾದರೋ ಮನುಷ್ಯರು ಹೆಣೆದದ್ದು, ಬೇಕೆಂದಾಗ ಬಿಚ್ಚಬಹುದಾದದ್ದು, ಆದ್ದರಿಂದ ಜನಾಂಗ ತಾರತಮ್ಯದ ಮಾತೇ ಬರುವುದಿಲ್ಲ ಎಂಬುದು ಅದರ ವಾದಸರಣಿ. ಸಿನಿಮಾವೊಂದರಲ್ಲಿ ಬಿಳಿಯ ನಟಿ ಹಾಕಿಕೊಂಡ ಮೇಲೆ ಈ ಜಡೆ ಜನಪ್ರಿಯವಾಯಿತೆಂಬ ಅಂಶವನ್ನೂ ಅದು ಗಮನಕ್ಕೆ ತಂದುಕೊಂಡಿತು. ಆಫ್ರಿಕದಲ್ಲಿ ಸಾವಿರಾರು ವರ್ಷಗಳಿಂದ ನಡೆದುಬಂದ, ಸಿಕ್ಕಾಗದಂತೆ, ತುಂಡಾಗದಂತೆ ಕೂದಲನ್ನು ಕಾಯುವ ಹೆಣಿಗೆಯೊಂದು ಹಾಲಿವುಡ್ಡಿನ ಶೋಕಿಯೆಂದು ಎಣಿಸಲ್ಪಟ್ಟದ್ದು ಈ ಚರಿತ್ರೆಯ ಅತ್ಯಂತ ನೋವಿನ ಸಂಗತಿಗಳಲ್ಲೊಂದು. ಈ ತರ್ಕವನ್ನು ಶಾಸನದಿಂದಲೇ ಮುರಿಯಲು ಸುಮಾರು 40 ವರ್ಷ ಹಿಡಿಯಿತು: ಕ್ಯಾಲಿಫೋರ್ನಿಯ 2019ರಲ್ಲಿ ಅಂಗೀಕರಿಸಿದ ಕ್ರೌನ್ ಕಾಯ್ದೆ ಜನಾಂಗದ ಲಕ್ಷಣಗಳಲ್ಲಿ ಕೂದಲಿನ ರಚನೆಯನ್ನೂ ಜಡೆಯಂಥ ಕೇಶಶೈಲಿಗಳನ್ನೂ ಸೇರಿಸಿತು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು.

ಚದುರಿದ್ದ ತಿಳಿವಳಿಕೆ ಒಂದು ಕ್ರಮವಾಗಿ ಕೂಡಿಕೊಂಡದ್ದು 1990ರ ದಶಕದ ಕೊನೆಯಿಂದ ಈಚೆಗೆ. ಕೇಶವಿನ್ಯಾಸಕ ಆಂಡ್ರೆ ವಾಕರ್ ಕೂದಲನ್ನು ನೇರ, ಅಲೆ, ಗುಂಗುರು, ಬಿಗಿ ಗುಂಗುರು ಎಂದು 1ರಿಂದ 4ರವರೆಗೆ ವಿಂಗಡಿಸಿದ್ದು ಜನಬಳಕೆಗೆ ಬಂದಿತು. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಸಲೂನ್ ನಡೆಸುತ್ತಿದ್ದ ಲೊರೇನ್ ಮ್ಯಾಸಿ 2000ದ ದಶಕದ ಆರಂಭದಲ್ಲಿ ಬರೆದ ‘ಕರ್ಲಿ ಗರ್ಲ್’ ಪುಸ್ತಕ, ನೊರೆಯ ಶಾಂಪೂವನ್ನು ಬಿಟ್ಟು ಕಂಡಿಷನರ್‌ನಿಂದಲೇ ತಲೆ ತೊಳೆಯುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿತು. ಪದ್ಧತಿಗೆ ಅವರ ಪುಸ್ತಕದ ಹೆಸರೇ ನಿಂತಿತು. ಆದರೆ ರಿಲ್ಯಾಕ್ಸರ್ ಹಚ್ಚಿದ ಕೂದಲನ್ನು ಒಮ್ಮೆಲೇ ಕತ್ತರಿಸಿ ಬುಡದ ಗುಂಗುರಿನಿಂದ ಹೊಸದಾಗಿ ಆರಂಭಿಸುವ ‘ಬಿಗ್ ಚಾಪ್’ ಮಾಡಿಕೊಂಡು, ತಮ್ಮ ತಪ್ಪು ಒಪ್ಪುಗಳನ್ನು ವಿಡಿಯೊಗಳಲ್ಲಿ ಎಲ್ಲರ ಮುಂದಿಟ್ಟ ಸಾವಿರಾರು ಕಪ್ಪು ಮಹಿಳೆಯರ ದುಡಿಮೆ ಇದರಲ್ಲಿ ಹೆಚ್ಚಿನದೆಂದೇ ಹೇಳಬೇಕಾಗುತ್ತದೆ.

ಕ್ರಮದ ಹಂತಗಳು ಒಂದನ್ನೊಂದು ಅವಲಂಬಿಸಿವೆ. ಸಲ್ಫೇಟ್ ಎಂಬ ಮಾರ್ಜಕ ಮೊದಲೇ ಒಣಗಿದ ಸುರುಳಿಯ ಎಣ್ಣೆಯನ್ನೆಲ್ಲ ತೆಗೆಯುವುದರಿಂದ ಅದನ್ನು ಬಿಡಲಾಗುತ್ತದೆ; ಅದನ್ನು ಬಿಟ್ಟ ಮೇಲೆ, ಹೊಳಪಿಗಾಗಿ ಸೇರಿಸುವ, ಬರಿಯ ನೀರಿಗೆ ಜಗ್ಗದ ಸಿಲಿಕೋನುಗಳು ಕೂದಲ ಮೇಲೆ ಪದರುಗಟ್ಟುವುದರಿಂದ ಅವನ್ನೂ ಬಿಡಬೇಕಾಗುತ್ತದೆ. ಒಣಕೂದಲನ್ನು ಬಾಚಿದರೆ ಸುರುಳಿಗಳ ಗೊಂಚಲು ಒಡೆದು ಕೂದಲು ಕೆದರುತ್ತದೆ, ಹಾಗಾಗಿ ಕಂಡಿಷನರ್ ಹಚ್ಚಿ ನೀರು ಸೋರುತ್ತಿರುವಾಗಲೇ ಬೆರಳಿನಿಂದಲೋ ಅಗಲ ಹಲ್ಲಿನ ಬಾಚಣಿಗೆಯಿಂದಲೋ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಲಾಗುತ್ತದೆ. ಅನಂತರ ಅಂಗೈಗೆ ಜೆಲ್ ಸವರಿಕೊಂಡು ತಲೆ ಬಗ್ಗಿಸಿ, ಕೂದಲನ್ನು ತುದಿಯಿಂದ ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ಹಿಂಡಿದಾಗ ನೀರು ಪಿಚಕ್ಕೆಂದು ಸದ್ದುಮಾಡುತ್ತದೆ. ಆ ಸದ್ದು ಕೇಳದಿದ್ದರೆ ನೀರು ಸಾಲದೆಂದೇ ಅರ್ಥ. ಒರಟು ಟವೆಲ್ಲಿನ ಬದಲು ಹಳೆಯ ಹತ್ತಿ ಬನಿಯನ್ನಿನಲ್ಲಿ ಸುತ್ತಿ, ಮುಟ್ಟದೆ ಒಣಗಲು ಬಿಟ್ಟರೆ ಜೆಲ್ ಗರಿಗರಿಯಾದ ಹೊದಿಕೆಯಾಗುತ್ತದೆ. ಜಲಜನಕದ ಬಂಧಗಳು ಅದರೊಳಗೆ ಸುರುಳಿಯ ಆಕಾರದಲ್ಲೇ ಮತ್ತೆ ಕೂಡಿಕೊಂಡ ಮೇಲೆ ಹೊದಿಕೆಯನ್ನು ಕೈಯಲ್ಲಿ ಹಿಸುಕಿ ಮುರಿದರೆ ಸುರುಳಿ ಮೆತ್ತಗಾಗಿ ನಿಲ್ಲುತ್ತದೆ.

ಈ ದಾರಿ ಹಿಡಿಯಲು ಆರೋಗ್ಯದ ಕಾರಣವೂ ಇದೆ. ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಅನುಸರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64 ಇದ್ದರೆ, ಪದೇ ಪದೇ ಬಳಸುವವರಲ್ಲಿ ಅದು ಶೇ 4.05ರಷ್ಟಿತ್ತು. ರಾಸಾಯನಿಕವೇ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ ಕಡೆಗಣಿಸುವಂಥ ಅಂತರ ಇದಲ್ಲ. ಕರ್ನಾಟಕದ ಸಲೂನುಗಳಲ್ಲಿ ಸ್ಮೂತನಿಂಗ್, ಕೆರಾಟಿನ್ ಎಂಬ ಹೆಸರುಗಳಲ್ಲಿ ನಡೆಯುವ ಉಪಚಾರಗಳ ರಾಸಾಯನಿಕ ಬೇರೆಯಾಗಿರಬಹುದು, ಆದರೆ ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯನ್ನು ಕೇಳಿ ಓದುವುದು ಗಿರಾಕಿಯ ಹಕ್ಕು.

ಹೊರಗಿನಿಂದ ಬಂದ ಈ ಕ್ರಮಕ್ಕೆ ಇಲ್ಲಿಯ ನೆಲದಲ್ಲಿ ನಂಟಿಲ್ಲದೆ ಇಲ್ಲ. ಮಲೆನಾಡು, ಉತ್ತರ ಕನ್ನಡಗಳಲ್ಲಿ ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ತೆಗೆಯುವ ಲೋಳೆಗೆ ಗೊಂಪು ಎನ್ನುತ್ತಾರೆ. ಎಣ್ಣೆಸ್ನಾನದಲ್ಲಿ ಜಿಡ್ಡನ್ನು ಹದವಾಗಿ ಬಿಡಿಸಿ, ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡಿ ಸಿಕ್ಕು ತೆಗೆಯುವ ಅದರ ಗುಣ ಅಗಸೆಯ ಜೆಲ್ಲಿನ ಲೋಳೆಯದೂ ಹೌದು. ಬೇರೆ ಹವೆಯ ನಾಡುಗಳಲ್ಲಿ ಪಳಗಿದ ಸೂಚನೆಗಳನ್ನು ಮಾತ್ರ ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ: ಗಾಳಿಯ ತೇವವನ್ನು ಹೀರುವ ಗ್ಲಿಸರಿನ್ ಕರಾವಳಿಯ ಮಳೆಗಾಲದಲ್ಲಿ ಕೂದಲನ್ನು ಉಬ್ಬಿಸಿ ಕೆದರಿಸುತ್ತದೆ, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಎಳೆಗಳ ಮೇಲೆ ಕೂತು ಎಷ್ಟು ಕಂಡಿಷನರ್ ಹಚ್ಚಿದರೂ ಒರಟುತನ ಹೋಗದಂತೆ ಮಾಡುತ್ತದೆ.

ಇನ್ನೂ ಹತ್ತಿರದ ನಂಟು ಸಿದ್ದಿ ಸಮುದಾಯದ್ದು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯೆಂದು ಬಹುಮಟ್ಟಿಗೆ ತಿಳಿಯಲಾದ, 2003ರಲ್ಲಿ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದ ಈ ಜನ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದರೂ ಕೂದಲನ್ನೂ ಮೈಬಣ್ಣವನ್ನೂ ನೋಡಿ ಪರದೇಶದವರೆಂದು ಭಾವಿಸುವವರ ನಡುವೆಯೇ ಓಡಾಡಬೇಕಾಗಿದೆ. ಅಂಗಡಿಯ ಬಾಟಲಿಗಳ ಮೇಲೆ ಕಾಣುವುದು ಹೆಚ್ಚಾಗಿ ಭುಜದ ಮೇಲೆ ಇಳಿಬಿದ್ದ ಸಡಿಲ ಸುರುಳಿ. ಯಾವ ಬಿಗಿ ಗುಂಗುರಿನ ಆರೈಕೆಗಾಗಿ ಈ ವಿದ್ಯೆ ಮೊದಲು ರೂಪುಗೊಂಡಿತೋ ಆ ಕೂದಲಿನ ಕನ್ನಡಿಗರಿಗೆ ಬೇಕಾದ ಸರಕೂ, ಅದನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ ತಿಳಿಸುವ ಬರಹವೂ ಇನ್ನು ಬರಬೇಕಾಗಿವೆ.