ಪೀಪಾಯಿಯ ಕತ್ತಲು: ತೈಲದ ಕಲೆಗೆ ಒಂದು ಕನ್ನಡ ಪ್ರವೇಶ

ಕಚ್ಚಾತೈಲವನ್ನೂ ಪೆಟ್ರೋಲನ್ನೂ ವಸ್ತುವಾಗಿಸಿಕೊಂಡ ಪ್ರಯೋಗಶೀಲ ಚಲನಚಿತ್ರ ಹಾಗೂ ಕಲಾಕೃತಿಗಳ ಚರ್ಚೆಯು ಸಾಮಾನ್ಯವಾಗಿ ತೈಲ ಉಕ್ಕುವ ನಾಡುಗಳಿಂದಲೇ ಮೊದಲಾಗುತ್ತದೆ. ಇರಾನಿನ ಅಹ್ವಾಜ್ ಬಳಿ ೧೯೫೮ರಲ್ಲಿ ಹೊತ್ತಿಕೊಂಡು ಎರಡು ತಿಂಗಳಿಗೂ ಮಿಕ್ಕಿ ಉರಿದ ಬಾವಿಯನ್ನು ಕುರಿತ ಇಬ್ರಾಹಿಂ ಗೊಲೆಸ್ತಾನರ 'ಒಂದು ಬೆಂಕಿ' (೧೯೬೧), ಯುದ್ಧಾನಂತರದ ಕುವೈತಿನ ಉರಿಬಾವಿಗಳನ್ನು ತೋರಿಸುವ ವರ್ನರ್ ಹೆರ್ಜೋಗರ 'ಕತ್ತಲೆಯ ಪಾಠಗಳು' (೧೯೯೨) ಇವು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಮೊದಲನೆಯದರ ಸಂಕಲನವು ಪಾರಸಿ ಕವಯಿತ್ರಿ ಫರೂಗ್ ಫರ್ರೊಖ್‌ಜಾದರದು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿಡಬೇಕು. ಎರಡರಲ್ಲಿಯೂ ತೈಲವು ಜ್ವಾಲೆಯಾಗಿ ಕಾಣಿಸುತ್ತದೆ, ಭವ್ಯವಾಗಿ ಭಯ ಹುಟ್ಟಿಸುತ್ತದೆ.

ಭಾರತದಲ್ಲಿ ಸ್ಥಿತಿ ಬೇರೆ. ಬರ್ಮಾ-ಷೆಲ್ ಕಂಪನಿಯು ೧೯೫೦ರ ದಶಕದಲ್ಲಿ ಸಾಕ್ಷ್ಯಚಿತ್ರಗಳನ್ನು ಮಾಡಿಸಿತಾದರೂ, ಅವುಗಳಲ್ಲಿ ಹೆಸರಾದ ಹರಿಸಾಧನ ದಾಸಗುಪ್ತರ 'ಪಂಚಥುಪಿ' ವಂಗದೇಶದ ಒಂದು ಹಳ್ಳಿಯನ್ನು ಕುರಿತದ್ದು. ಹಣ ತೈಲದ್ದು, ವಸ್ತು ತೈಲವಲ್ಲ. ಋತ್ವಿಕ್ ಘಟಕರ 'ಅಜಾಂತ್ರಿಕ್' (೧೯೫೮) ಚಿತ್ರದ ಹಳೆಯ ಟ್ಯಾಕ್ಸಿಯಲ್ಲಿ ಪೆಟ್ರೋಲಿನ ಬಂಡಿಯು ಜೀವಂತ ಪಾತ್ರವಾದುದು ಒಂದು ಅಪವಾದ.

ಹಾಗಾದರೆ ಕನ್ನಡ ನಾಡಿನಲ್ಲಿ ತೈಲದ ಕಲೆಯನ್ನು ಹುಡುಕುವುದೆಲ್ಲಿ? ಮಂಗಳೂರಿನಲ್ಲಿ ಶುದ್ಧೀಕರಣಾಗಾರವಿದ್ದರೂ ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ. ಕಚ್ಚಾತೈಲವನ್ನು ಭಟ್ಟಿ ಇಳಿಸಿದಾಗ ಹಗುರವಾದ ಪೆಟ್ರೋಲು, ಬಳಿಕ ಸೀಮೆಎಣ್ಣೆ, ಡೀಸೆಲ್ಲು ಬೇರ್ಪಡುತ್ತವೆ. ಕೊನೆಗೆ ತಳದಲ್ಲುಳಿಯುವ ಕರಿಯ ಶೇಷದಿಂದ ರಸ್ತೆಯ ಡಾಂಬರು ಸಿದ್ಧವಾಗುತ್ತದೆ. ನಮ್ಮ ಜನ ಕಣ್ಣಾರೆ ಕಂಡ ತೈಲವೆಂದರೆ ಈ ಶೇಷವೇ. ನಮ್ಮ ಕಲೆಯೂ ಅಲ್ಲಿಂದಲೇ ಹೊರಟಿದೆ.

೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿಯೂ ಅನಂತರ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿಯೂ ಅಭ್ಯಾಸ ಮಾಡಿದ ಶೀಲಾ ಗೌಡ ಅವರು ೨೦೦೬ರಲ್ಲಿ 'ಡಾರ್ಕ್‌ರೂಮ್' ಎಂಬ ಕೃತಿಯನ್ನು ರಚಿಸಿದರು. ರಸ್ತೆ ಹಾಕುವ ಅಲೆಮಾರಿ ಕೂಲಿಗಳು ಬರಿದಾದ ಡಾಂಬರು ಪೀಪಾಯಿಗಳನ್ನು ಒಟ್ಟಿ, ಕೆಲವನ್ನು ಸೀಳಿ ತಗಡಾಗಿ ಬಡಿದು, ದಾರಿಯ ಬದಿಯಲ್ಲಿ ಗುಡಿಸಲು ಕಟ್ಟಿಕೊಳ್ಳುವುದುಂಟು. ಕೃತಿಯ ಮೂಲ ಅದು. ಹೊರಗಿನಿಂದ ಅದು ಕಂಬಸಾಲಿನ ಕೋಟೆಯಂತೆ ಗಂಭೀರವಾಗಿ ನಿಲ್ಲುತ್ತದೆ. ಒಳಹೋಗಬೇಕಾದರೆ ನೋಡುಗನು ಬಾಗಲೇಬೇಕು. ಒಳಗೆ ಕಗ್ಗತ್ತಲು, ತಲೆಯ ಮೇಲಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರಗಳಂತೆ ಇಳಿಯುತ್ತದೆ. ಚಿತ್ರಫಲಕವನ್ನು ತೊಳೆಯುವ ಕತ್ತಲಕೋಣೆಯನ್ನೂ ಚಿತ್ರಮಂದಿರವನ್ನೂ ಈ ಹೆಸರು ಒಟ್ಟಿಗೆ ನೆನಪಿಸುತ್ತದೆ. ಫಿಲ್ಮಿಲ್ಲದ, ಯಂತ್ರವಿಲ್ಲದ ಸಿನಿಮಾ ಎಂದು ಇದನ್ನು ಕರೆಯಲು ನಮಗೆ ಅಡ್ಡಿಯಿಲ್ಲ.

೨೦೦೮ರ ಇನ್ನೊಂದು ಕೃತಿಯ ಹೆಸರು 'ಕಾಗೆಬಂಗಾರ'. ಹೊರನಾಡಿನ ಸಂಶೋಧಕರಿಗೆ ನಾವು ವಿಶೇಷವಾಗಿ ಹೇಳಬೇಕಾದ ಮಾತು ಇಲ್ಲಿದೆ. ರೋಮನ್ ಲಿಪಿಯಲ್ಲಿ ಈ ಪದವನ್ನು ಕಂಡವರಿಗೆ ಅದು ಕೇವಲ ನಾದವಾಗಿ ಉಳಿಯುತ್ತದೆ. ಕನ್ನಡದಲ್ಲಿ ಕಾಗೆಬಂಗಾರವೆಂದರೆ ಅಭ್ರಕ: ಹೊಳೆಯುತ್ತದೆ, ಆದರೆ ಬೆಲೆಯಿಲ್ಲ, ಬಂಗಾರವೇ, ಆದರೆ ಕಾಗೆಯ ಪಾಲಿನದು. ಪೀಪಾಯಿಯ ತಗಡು, ಡಾಂಬರು, ಟಾರ್ಪಾಲು, ಅಭ್ರಕಗಳಿಂದ ರಚಿತವಾದ ಕೃತಿಗೆ ಈ ಹೆಸರು ಬಂದಾಗ ಕೂಲಿಯ ಗಳಿಕೆಯೇನೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಪದದ ಅರ್ಥ ತಿಳಿಯದೆ ಬಣ್ಣದ ಚೌಕಗಳನ್ನಷ್ಟೇ ಕಂಡು ಇದನ್ನು ಪಾಶ್ಚಾತ್ಯ ಅಮೂರ್ತಕಲೆಯ ಶಾಖೆಯೆಂದು ವರ್ಗೀಕರಿಸುವುದು ಅರೆ ಓದು ಎಂಬುದು ನಮ್ಮ ಅಭಿಪ್ರಾಯ.

ಡಾಂಬರು ಎಂಬ ಪದವೂ ಕುತೂಹಲಕಾರಿ. ಮಲಯ ಭಾಷೆಯಲ್ಲಿ 'ದಾಮರ್' ಎಂದರೆ ಮರದ ರಾಳ. ಯುರೋಪಿನ ಚಿತ್ರಕಾರರು ತೈಲವರ್ಣದ ಚಿತ್ರಗಳ ಮೇಲೆ ಬಳಿಯುವ ವಾರ್ನಿಷ್ ಒಂದಕ್ಕೆ ಅದೇ ಹೆಸರು. ಚಿತ್ರದ ಹೊಳಪೂ ಬೀದಿಯ ಕಪ್ಪೂ ಒಂದೇ ಪದಕುಟುಂಬದವು.

ಕಾರಿನ ಬಂಪರುಗಳನ್ನು ಮನುಷ್ಯರ ತಲೆಗೂದಲ ಹಗ್ಗದಿಂದ ತೂಗಿಬಿಟ್ಟ 'ಬಿಹೋಲ್ಡ್' (೨೦೦೯) ಅದೇ ವರ್ಷ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿತ್ತು. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ಚಾಲಕರು ಬಂಪರಿಗೆ ಕೂದಲ ಹಗ್ಗ ಕಟ್ಟುವ ರೂಢಿಯೇ ಇದರ ಬೀಜ. ಮಧ್ಯಕಾಲೀನ ಸಾಹಿತ್ಯವನ್ನು ಓದಿ ಬಂದ ನಮಗೆ ಇಲ್ಲಿ ಬೇರೊಂದು ನೆನಪು ಬಾರದಿರದು. ಅರುವತ್ತುಮೂವರು ಪುರಾತನರ ಕಥೆಗಳಲ್ಲಿ, ದೀಪಕ್ಕೆ ಉರಿಸುವ ಹುಲ್ಲು ಸಾಲದಾದಾಗ ತನ್ನ ಕೂದಲನ್ನೇ ಉರಿಸಿದ ಶರಣನೊಬ್ಬನಿದ್ದಾನೆ. ಎಣ್ಣೆ ಕೊಳ್ಳಲು ಹಣವಿಲ್ಲದೆ ಕೊರಳ ರಕ್ತವನ್ನೇ ಹಣತೆಗೆ ಎರೆಯಲು ಹೊರಟ ಗಾಣಿಗನೂ ಇದ್ದಾನೆ. ಕಲಾವಿದೆಗೆ ಈ ಕಥೆಗಳೇ ಪ್ರೇರಣೆಯೆಂದು ನಾವು ಹೇಳುತ್ತಿಲ್ಲ. ಬೆಳಕಿಗೂ ಓಟಕ್ಕೂ ಬೇಕಾದ ಎಣ್ಣೆಯ ಬೆಲೆಯನ್ನು ದೇಹದ ಲೆಕ್ಕದಲ್ಲಿ ಕೇಳುವ ಕ್ರಮ ಈ ನೆಲಕ್ಕೆ ಹೊಸದಲ್ಲ ಎಂಬುದಷ್ಟೇ ನಮ್ಮ ಸೂಚನೆ. ದೇವಾಲಯದ ನಂದಾದೀವಿಗೆಗೆ ಊರ ಗಾಣಗಳಿಂದ ಇಂತಿಷ್ಟು ಎಣ್ಣೆ ಸಲ್ಲಬೇಕೆಂದು ವಿಧಿಸುವ ಶಾಸನಗಳಲ್ಲಿಯೂ, ಗಾಣ ತಿರುಗಿಸಿದವನ ಹೆಸರು ಕಾಣುವುದು ಅಪರೂಪ.

ಸಿಕಂದರಾಬಾದಿನಲ್ಲಿ ಕುಳಿತು ಬರೆಯುವ ನಮಗೆ ಈ ವಿಷಯ ದೂರದ್ದಲ್ಲ. ೧೯೫೬ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ಸಂಸ್ಥಾನ ಪ್ರದೇಶದ ಭಾಗವಾಗಿದ್ದವು. ಗಡಿ ಬದಲಾದರೂ ಕೂಲಿಯ ದಾರಿ ಬದಲಾಗಲಿಲ್ಲ. ಪಾಲಮೂರು, ಅಂದರೆ ಮಹಬೂಬನಗರದ ಕಡೆಯ ಕೂಲಿಗಳು ದೇಶದ ಅಣೆಕಟ್ಟು, ರಸ್ತೆಗಳಿಗೆ ಹೋದುದು ಪ್ರಸಿದ್ಧವೇ ಇದೆ. ಡಾಂಬರು, ಬಾಂಡ್ಲಿ, ಘಾಸ್ಲೇಟ್ ಮೊದಲಾದ ಪದಗಳು ಕನ್ನಡ, ತೆಲುಗು, ದಖನಿಗಳ ನಡುವೆ ಇವರ ಬಾಯಲ್ಲಿಯೇ ಓಡಾಡಿವೆ. ಈಗ ಡಾಂಬರು ಹೆಚ್ಚಾಗಿ ಟ್ಯಾಂಕರುಗಳಲ್ಲಿ ಬಿಸಿಯಾಗಿಯೇ ಬರುತ್ತದೆ. ಪೀಪಾಯಿಯ ಗುಡಿಸಲು ವಿರಳವಾಗುತ್ತಿದೆ. ಅದರ ಭಾಗಗಳಿಗೆ, ಸೀಳುವ ಬಡಿಯುವ ಕೆಲಸಗಳಿಗೆ ಅಲ್ಲಿ ವಾಸಿಸಿದವರು ಬಳಸಿದ ಮಾತುಗಳನ್ನು, ಮೂರೂ ಭಾಷೆಗಳನ್ನು ಬಲ್ಲ ಯುವ ಸಂಶೋಧಕರು ಈ ನಗರದಲ್ಲಿಯೇ ಸಂಗ್ರಹಿಸಬಹುದಾಗಿದೆ.